ತಮ್ಮನ ಕಂಬದ ಬಂಗಲೆ

ಅಂಕನಾಳಿನ ಬಸ್ ನಿಲ್ದಾಣದಲ್ಲಿ ಇಳಿದು 'ಕಾಷ್ಠಕಲಾ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು' ಎಂದರೆ ಆಟೋದವರು ನಿಮ್ಮ ಮುಖ ಮುಖ ನೋಡುತ್ತಾರೆ. 'ತಮ್ಮನ ಕಂಬದ ಬಂಗಲೆ' ಎಂದು ನೋಡಿ, 'ಕೂತ್ಕೊಳ್ಳಿ ಸ್ವಾಮಿ' ಎಂದು ಗಾಡಿ ತಿರುಗಿಸುತ್ತಾರೆ. ಪೇಟೆ ದಾಟಿ, ಹಳೆಯ ನಾಟಾ ಡಿಪೋದ ಮಗ್ಗುಲಲ್ಲಿ, ಹೊಳೆಯತ್ತ ಇಳಿಯುವ ದಿಬ್ಬದ ಮೇಲೆ ಆ ಕಟ್ಟಡ ಇದೆ. ದಪ್ಪ ಗಾರೆಗೋಡೆ, ಎತ್ತರದ ಹೆಂಚಿನ ಮಾಡು, ಮುಂದೆ ಉದ್ದನೆಯ ಜಗಲಿ. ಒಳಗಿನ ಹಜಾರಗಳಲ್ಲಿ ಸುತ್ತಲ ಸೀಮೆಯಿಂದ ಕೂಡಿಸಿ ತಂದ ಮರಗೆಲಸಗಳನ್ನು ಜೋಡಿಸಿದ್ದಾರೆ. ಕೆತ್ತನೆಯ ಬಾಗಿಲುವಾಡಗಳು, ತೊಟ್ಟಿಲುಗಳು, ಚನ್ನೆಮಣೆಗಳು, ಶ್ಯಾವಿಗೆ ಒತ್ತುವ ಮಣೆ, ದೇವರ ಪಲ್ಲಕ್ಕಿಯ ಕೊಂಬು, ಬೀಟೆಮರದ ಹಲಗೆಯಲ್ಲಿ ಬಿಳಿ ಎಳೆ ಕೂರಿಸಿ ಮಾಡಿದ ಚಿತ್ರಗಳು, ಒಂದೊಂದೂ ನೋಡತಕ್ಕವೇ. ಆದರೆ ಬಂದವರು ಒಳಗೆ ಹೋಗುವ ಮೊದಲೇ ಜಗಲಿಯಲ್ಲಿ ನಿಂತುಬಿಡುತ್ತಾರೆ. ಜಗಲಿಯ ಮಾಡನ್ನು ಎಂಟು ಬೀಟೆ ಕಂಬಗಳು ಹೊತ್ತಿವೆ, ಒಂದೊಂದೂ ಒಂದೊಂದು ಇಡೀ ದಿಮ್ಮಿಯದು. ಏಳರ ಮೇಲೆ ಬೆರಳಿಡಲು ಜಾಗವಿಲ್ಲದಂತೆ ಬಳ್ಳಿ, ಹೂವು, ಹಂಸ, ಯಾಳಿಗಳ ಕೆತ್ತನೆ ಇದೆ. ಎಂಟನೆಯದು ಬೋಳು.

ಅದು ಯಾಕೆ ಬೋಳು ಎಂದು ಕೇಳಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಟ್ಟಿಸಿದ ಬಿಳಿಯ ದೊರೆ ನಡುವೆಯೇ ತನ್ನ ದೇಶಕ್ಕೆ ಹೋದನಂತೆ, ಆಚಾರಿಗೆ ದೃಷ್ಟಿ ತಾಗಿತಂತೆ, ಕೆತ್ತಿದರೆ ಹೊಳೆ ಉಕ್ಕುತ್ತದೆ ಎಂದು ಕಣಿ ಬಂದಿತ್ತಂತೆ. ಹೋದ ವರ್ಷ ಮೈಕು ಹಿಡಿದು ಬಂದ ಒಬ್ಬ ಮಹಾಶಯ, ಎಲ್ಲ ಸಂಪೂರ್ಣವಾದರೆ ದೇವರಿಗೆ ಅಸೂಯೆ, ಅದಕ್ಕೇ ಒಂದನ್ನು ಬಿಟ್ಟಿದ್ದಾರೆ ಎಂದು ಕ್ಯಾಮೆರಾ ಮುಂದೆ ಹೊಡೆದೇ ಹೊಡೆದ. ಅಯ್ಯೋ ರಾಮ! ನಾಲಿಗೆಗೆ ಎಲುಬಿಲ್ಲ ಎಂದು ಸುಮ್ಮನೆ ಹೇಳಿದರೇ ಹಿರಿಯರು? ಇಲಾಖೆಯವರಂತೂ ಆ ಬೀಟೆ ಕಂಬಗಳಿಗೆ ಎರಡೆರಡು ಕೈ ವಾರ್ನಿಷ್ ಬಳಿಸಿ ಕೃತಾರ್ಥರಾದರು. ಬೀಟೆಗೆ ವಾರ್ನಿಷ್! ಹೇಳಿ ಪ್ರಯೋಜನವಿಲ್ಲ. ನಾನು ಈ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದವನು, ಹೆಸರು ಸೂರಪ್ಪಾಚಾರಿ. ಆ ಏಳು ಕಂಬಗಳನ್ನು ಕೆತ್ತಿದ ಮೋನಾಚಾರಿಯ ಮರಿಮಗ. ಆದ್ದರಿಂದ ನಡೆದದ್ದನ್ನು ಹೇಳುವ ಹಕ್ಕಿಗಿಂತ ಹೇಳಲೇಬೇಕಾದ ಋಣ ನನ್ನ ಮೇಲಿದೆ. ನಮ್ಮವರ ಕಡೆಗೆ ವಾಲಿಸಿ ಹೇಳುವುದಿಲ್ಲ. ವಾಲಿಸಿದ್ದು ಒಮ್ಮೆಗೇ ಸಾಕಾಗಿದೆ.

ಹಿಂದೆ ಒಮ್ಮೆ, ಕಾಡು ಊರಿನ ಅಗಸೆಬಾಗಿಲ ತನಕ ಇದ್ದ ಕಾಲ. ಕಾಡಿನ ಮೇಲ್ವಿಚಾರಣೆಗೆ ಒಬ್ಬ ಬಿಳಿಯ ದೊರೆ ಬಂದು ಇಲ್ಲೇ ಡೇರೆ ಹಾಕಿದ್ದ. ಇಲ್ಲಿಂದ ತೇಗ, ಬೀಟೆ, ಹೊನ್ನೆ ದಿಮ್ಮಿಗಳು ಹೊಳೆಯಲ್ಲಿ ತೇಲಿ ಹೋಗುತ್ತಿದ್ದವು. ಮೂರು ಮಳೆಗಾಲ ಡೇರೆಯಲ್ಲಿ ನೆನೆದ ಮೇಲೆ ದೊರೆಗೆ ಒಂದು ಬಂಗಲೆ ಬೇಕೆನಿಸಿತು. ಕಲ್ಲುಗಾರೆಯ ಕೆಲಸಕ್ಕೆ ಹೊರಗಿನವರು ಬಂದರು. ಮರಗೆಲಸಕ್ಕೆ ಮಾತ್ರ ಅಂಕನಾಳಿನ ಮೋನಾಚಾರಿಯನ್ನೇ ಕರೆಸಬೇಕು ಎಂದು ಎಲ್ಲರೂ ಹೇಳಿದರಂತೆ. ಮೋನಾಚಾರಿ ಎಡಗೈಯವನು, ಮುಂಗೋಪಿ, ಕೆಲಸದಲ್ಲಿ ರಾಕ್ಷಸ. ಅವನ ಉಳಿ ಮರದೊಳಗೆ ಹೋದರೆ ಮರಕ್ಕೆ ನೋವಾಗುವುದಿಲ್ಲ ಎನ್ನುತ್ತಿದ್ದರು. ಅವನಿಗಿಂತ ಹತ್ತು ವರ್ಷಕ್ಕೆ ಕಿರಿಯ ತಮ್ಮ ಗಂಗಾಚಾರಿ. ತಂದೆ ಬೇಗ ತೀರಿಕೊಂಡದ್ದರಿಂದ ತಮ್ಮನಿಗೆ ಉಳಿ ಹಿಡಿಸಿದವನು ಅಣ್ಣನೇ. ಗಂಗಾಚಾರಿ ಮಾತು ಕಡಿಮೆ, ನಗು ಹೆಚ್ಚು. ಕಂಬದ ನೆತ್ತಿಯಲ್ಲಿ ತೊಲೆ ಹೊರುವ ಬೋದಿಗೆಯ ಕೆಳಗೆ ಬರುವ ಸಣ್ಣ ಹಕ್ಕಿಗಳನ್ನು ಕೆತ್ತುವುದರಲ್ಲಿ ಅಣ್ಣನನ್ನೂ ಮೀರಿಸಿದ್ದ. ಅದನ್ನು ಅಣ್ಣನೇ ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಕಂಬ ಎಂಟು, ಏಳು ನನ್ನವು, ತಲೆಬಾಗಿಲ ಬಲಗಡೆಯ ಎಂಟನೆಯದು ಪೂರಾ ನಿನ್ನದು, ಅದರಲ್ಲಿ ನನ್ನ ಉಳಿ ತಾಗುವುದಿಲ್ಲ ಎಂದು ತಮ್ಮನಿಗೆ ಮಾತು ಕೊಟ್ಟಿದ್ದ. ತನ್ನದೇ ಎನ್ನುವ ಮೊದಲ ಕಂಬ ಕೈಗೆ ಬರುವ ದಿನಕ್ಕಾಗಿ ಆಚಾರಿಯ ಮನೆಯ ಮಗ ಮದುವೆಗೂ ಕಾಯದಷ್ಟು ಕಾಯುತ್ತಾನೆ. ಗಂಗಾಚಾರಿ ಆಗಲೇ ಮದುವೆಯಾಗಿ ಒಂದು ಹೆಣ್ಣುಮಗುವಿನ ತಂದೆಯಾಗಿದ್ದ, ಕಂಬ ಇನ್ನೂ ಆಗಿರಲಿಲ್ಲ.

ಇಲ್ಲಿ ನಮ್ಮ ಕುಲದ ಒಂದು ಕಟ್ಟಳೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮರ ಕಾಡಿನಲ್ಲಿ ಹೇಗೆ ನಿಂತು ಬೆಳೆಯಿತೋ ಕಂಬವಾದ ಮೇಲೂ ಹಾಗೆಯೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗು ನಿಲ್ಲಿಸಿದರೆ ಆ ಸೂರಿನ ಕೆಳಗೆ ಬಳಗ ಉಳಿಯುವುದಿಲ್ಲ ಎನ್ನುತ್ತಾರೆ. ಆದರೆ ಕೊಂಬೆ ಸವರಿ, ತೊಗಟೆ ಕಳೆದು, ನಾಲ್ಕು ಮೈ ಮಾಡಿದ ದಿಮ್ಮಿಯಲ್ಲಿ ಬುಡ ಯಾವುದು, ತುದಿ ಯಾವುದು? ಗಂಟಿದ್ದರೆ ಹೇಳಬಹುದು. ಗಂಟಿಲ್ಲದ ಒಳ್ಳೆಯ ಮರ ಮೋಸ ಮಾಡುತ್ತದೆ. ಅದಕ್ಕೆ ಕಾಡಿನಲ್ಲಿ ಮರ ಕೆಡವಿದ ಆಚಾರಿ ಅಲ್ಲೇ, ದಿಮ್ಮಿ ಅಲುಗುವ ಮೊದಲೇ, ಬುಡದ ತಲೆಗೆ, ಎಂದರೆ ಬುಡದ ಕಡೆಯ ಕೊನೆಗೆ, ತನ್ನ ಉಳಿಯಿಂದ ಗುರುತು ಹಾಕುತ್ತಾನೆ. ಗಂಗಾಚಾರಿಯದು ಒಂದರ ಪಕ್ಕ ಒಂದು ಮೂರು ಕಚ್ಚು. ಕಂಬ ಎತ್ತುವ ದಿನ ಕುಲದ ಹಿರಿಯರು ಆ ಗುರುತು ನೋಡಿ, ಅರಿಸಿನ ಹಚ್ಚಿ, ಅದೇ ತಲೆಯನ್ನು ಅಡಿಗಲ್ಲಿನ ಮೇಲೆ ಇಡಿಸುತ್ತಾರೆ. ಗುರುತು ತಪ್ಪಿಸಿದವನು ಉಳಿಯನ್ನು ಕಾಳಮ್ಮನ ಗುಡಿಯಲ್ಲಿ ಇಟ್ಟುಬಿಡಬೇಕು. ಆಮೇಲೆ ಅವನು ಉಳಿ ಮುಟ್ಟುವಂತಿಲ್ಲ, ಮಕ್ಕಳಿಗೆ ಕಲಿಸುವಂತಿಲ್ಲ. ಒಬ್ಬನ ಗುರುತನ್ನು ಇನ್ನೊಬ್ಬನು ಹಾಕಿದರೆ ಏನು ಶಿಕ್ಷೆ ಎಂದು ಮಾತ್ರ ಕಟ್ಟಳೆಯಲ್ಲಿ ಇಲ್ಲ. ಅಂಥದ್ದನ್ನು ಯಾರಾದರೂ ಮಾಡಿಯಾರು ಎಂದು ನಮ್ಮ ಹಿರಿಯರಿಗೆ ಹೊಳೆದೇ ಇರಲಿಲ್ಲ.

ಕಾಡಿಗೆ ಹೋಗಿ ಮರ ಆರಿಸಿ ಕೆಡವಿ ಗುರುತು ಹಾಕುವ ಕೆಲಸ ಗಂಗಾಚಾರಿಯದು. ಆರು ಕಂಬಗಳು ಹಾಗೆ ಬಂದು, ಕೆತ್ತನೆಯಾಗಿ, ನಿಂತವು. ಏಳನೆಯ ದಿಮ್ಮಿಯನ್ನು ಕೆಡವಿ ಸಾಗಿಸಿ, ತನ್ನ ಪಾಲಿನ ಎಂಟನೆಯದನ್ನು ಹುಡುಕಿಕೊಂಡು ಅವನು ಇನ್ನೂ ಒಳಕಾಡಿಗೆ ಹೋದ. ಮರ ಸಿಕ್ಕಿತು, ಕೆಡವಿ ಗುರುತು ಹಾಕಿದ. ಅಷ್ಟರಲ್ಲಿ ಚಳಿಜ್ವರ ಹಿಡಿಯಿತು. ಜೇನುಕುರುಬರ ಹಾಡಿಯೊಂದರಲ್ಲಿ ಮಲಗಿದವನು ಮಳೆಗಾಲ ಪೂರ್ತಿ ಏಳಲಿಲ್ಲ. ಇತ್ತ ಏಳನೆಯ ದಿಮ್ಮಿ ಡಿಪೋಗೆ ಬಂದಿತ್ತು. ಅಳತೆಗೆ ಉದ್ದವಾಯಿತೆಂದು ಡಿಪೋದಲ್ಲಿ ಮರ ಕೊಯ್ಯುವವರು ಎರಡು ತಲೆಯನ್ನೂ ಅರ್ಧರ್ಧ ಮೊಳ ಕೊಯ್ದು ಎಸೆದಿದ್ದರು. ತುಂಡುಗಳು ಒಲೆಗೆ ಹೋದವು, ಗುರುತೂ ಅವುಗಳೊಡನೆ ಹೋಯಿತು. ಗಂಟಿಲ್ಲದ, ಎರಡು ಕಡೆಯೂ ಒಂದೇ ಸುತ್ತಳತೆಯ ಅಪರೂಪದ ಮರ ಅದು. ಒಂದು ತಲೆಯ ಹತ್ತಿರ ಬಳ್ಳಿ ಸುತ್ತಿ ಒತ್ತಿದ ಒಂದು ಕಪ್ಪು ಗಾಯದ ಗೆರೆ ಬಿಟ್ಟರೆ ಬೇರೆ ಸುಳಿವಿರಲಿಲ್ಲ. ಗುರುತು ಹೋದದ್ದು ತಿಳಿಯದ ಕುಲದ ಯಜಮಾನ ಸಿದ್ದಾಚಾರಿಯೂ, ಇಂಥ ಮರಕ್ಕೆ ಎಚ್ಚರ ಬೇಕು, ಗಂಗಣ್ಣ ಬರುವವರೆಗೆ ಆ ದಿಮ್ಮಿ ಬಿಡಪ್ಪ, ಮರ ನೋಡಿದವನು ಅವನು ಎಂದು ಹೇಳಿದನಂತೆ. ದಸರೆಯ ಹೊತ್ತಿಗೆ ದೊಡ್ಡ ದೊರೆಗಳು ಬರುತ್ತಾರೆ, ಜಗಲಿ ಮುಗಿಯಬೇಕು ಎಂದು ಈ ದೊರೆಯ ಅವಸರ. ಆದರೆ ಅವಸರಕ್ಕಿಂತ ಹೆಚ್ಚಿನದು ನಮ್ಮ ಮುತ್ತಾತನ ಜಂಭ. ದಿಮ್ಮಿಯ ಮೈ ಸವರಿ ಬುಡ ಹೇಳಲಾಗದ ಮೇಲೆ ನಾನೆಂಥ ಆಚಾರಿ ಎಂದ. ಬಳ್ಳಿಯ ಗಾಯ ಮೇಲುಗಡೆಯದೇ ಎಂದು ತೀರ್ಮಾನ ಮಾಡಿದ. ಗುರುತಿಲ್ಲದ ಕಂಬವನ್ನು ಹಿರಿಯರು ಎತ್ತಲು ಬಿಡುವುದಿಲ್ಲವಲ್ಲ, ಆದ್ದರಿಂದ ಒಂದು ಮಧ್ಯಾಹ್ನ ತನ್ನ ಎಡಗೈಯಿಂದ ಗಾಯವಿಲ್ಲದ ಇನ್ನೊಂದು ತಲೆಗೆ ತಮ್ಮನ ಮೂರು ಕಚ್ಚು ತಾನೇ ಹಾಕಿಬಿಟ್ಟ. ಊಟದ ಬುತ್ತಿ ತಂದಿದ್ದ ಹೆಂಡತಿ ಪುಟ್ಟತಾಯಮ್ಮ ಅದನ್ನು ಕಂಡಳು. ಏನೆಂದು ಕೇಳಿದ್ದಕ್ಕೆ, ಗಂಗ ಬಂದ ಮೇಲೆ ಅವನಿಗೆ ಹೇಳಿದರಾಯಿತು, ನಗುತ್ತಾನೆ ಎಂದನಂತೆ.

ಕೆತ್ತನೆ ಮುಗಿಯಿತು. ಕಂಬ ಎತ್ತುವ ದಿನ ನಮ್ಮ ಕುಲದ ಆರು ಊರುಗಳ ಹಿರಿಯರು ಬಂದರು, ಗುರುತು ನೋಡಿದರು, ಅರಿಸಿನ ಹಚ್ಚಿದರು, ಕಂಬ ಎದ್ದು ನಿಂತಿತು. ಮಂಗಳಾರತಿ ಆಗುತ್ತಿರುವಾಗ ಗಂಗಾಚಾರಿ ಬಂದ. ಜ್ವರದಲ್ಲಿ ತಲೆಗೂದಲು ಉದುರಿ, ಕಡ್ಡಿಯಾಗಿ, ಹಾಡಿಯವರ ಹೆಗಲು ಹಿಡಿದು ನಡೆದು ಬಂದಿದ್ದ. ಹೆಂಡತಿ ಹೊನ್ನಮ್ಮ ಅವನನ್ನು ಕಂಡು ಗೋಳೋ ಎಂದು ಅತ್ತಳಂತೆ. ಅಣ್ಣ ಓಡಿಹೋಗಿ ಅಪ್ಪಿಕೊಂಡ. ಆ ಪ್ರೀತಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಗಂಗಾಚಾರಿ ಕಣ್ಣೊರೆಸಿಕೊಂಡು ಹೊಸ ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ನೋಡುತ್ತಾ ನೋಡುತ್ತಾ ಮಗುವಿನ ಹಾಗೆ ಗಟ್ಟಿಯಾಗಿ ಹೇಳಿಬಿಟ್ಟ: "ಅಯ್ಯೋ ಅಣ್ಣಯ್ಯ, ತಲೆಕೆಳಗಾಯ್ತಲ್ಲ! ಆ ಬಳ್ಳಿ ಗಾಯ ನನ್ನ ಮೊಣಕಾಲಿನ ಹತ್ರ ಇತ್ತು."

ಆರತಿ ನಿಂತಿತು. ಹಿರಿಯರು ಕಂಬವನ್ನು ಇಳಿಸಲು ಹೇಳಿದರು. ಹಗ್ಗ ಕಟ್ಟಿ ಇಳಿಸಿ ಮಲಗಿಸಿದರು. ಅಡಿಯ ತಲೆಯಲ್ಲಿ ಅರಿಸಿನದ ನಡುವೆ ಮೂರು ಕಚ್ಚು ಎದ್ದು ಕಾಣುತ್ತಿತ್ತು. ಸಿದ್ದಾಚಾರಿ ಗಂಗಾಚಾರಿಯನ್ನು ಕರೆದು, "ನೋಡಪ್ಪಾ ಗಂಗಣ್ಣ, ಇದು ನಿನ್ನ ಗುರುತೇನು?" ಎಂದು ಕೇಳಿದ. ಗಂಗಾಚಾರಿ ಬಗ್ಗಿ ನೋಡಿದ. ಅವನ ಕಚ್ಚು ನೆಟ್ಟಗೆ ಬೀಳುತ್ತದೆ, ಎಡಗೈಯ ಕಚ್ಚು ಕೂದಲೆಳೆಯಷ್ಟು ವಾಲುತ್ತದೆ. ಉಳಿದವರಿಗೆ ಅದು ಕಾಣುವಂಥದ್ದಲ್ಲ. ಇಪ್ಪತ್ತು ವರ್ಷ ಅಣ್ಣನ ಎದುರಿಗೆ ಕೂತು ಕೆಲಸ ಕಲಿತವನಿಗೆ ಕಾಣದೇ ಇರುತ್ತದೆಯೇ? ತಲೆ ಎತ್ತಿ ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡುತ್ತಿದ್ದ. ಆರೂರಿನ ಜನ, ದೊರೆ, ದುಭಾಷಿ, ಎಲ್ಲರೂ ಸುತ್ತ ನೆರೆದಿದ್ದರು. "ಹೌದು ಯಜಮಾನ್ರೇ, ನಂದೇ" ಎಂದ ಗಂಗಾಚಾರಿ. ಮೋನಾಚಾರಿ ಆಗಲೂ ಬಾಯಿ ಬಿಡಲಿಲ್ಲ. ಇಡೀ ಕಥೆಯಲ್ಲಿ ನನಗೆ ತಡೆಯಲಾಗದ ಜಾಗ ಇದು. ಒಂದು ಮಾತು, 'ಅಲ್ಲ, ನಂದು' ಎಂಬ ಒಂದೇ ಮಾತು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವರು ಎಚ್ಚರಿಸಿದ್ದಾರೆ. ಆಡದೆ ಬಿಟ್ಟ ಮಾತಿಗೆ ಒಂದು ಗಾದೆಯನ್ನೂ ಮಾಡಲಿಲ್ಲ.

ಗಂಗಾಚಾರಿ ಆ ದಿನವೇ ತನ್ನ ಹನ್ನೆರಡು ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಕಾಳಮ್ಮನ ಗುಡಿಯ ಪೆಟ್ಟಿಗೆಯಲ್ಲಿಟ್ಟ. ಮರುದಿನ ಹೆಂಡತಿ ಮಗುವನ್ನು ಕರೆದುಕೊಂಡು ಊರು ಬಿಟ್ಟ. ಕಂಬವನ್ನು ತಿರುಗಿಸಿದರೆ ಕೆತ್ತನೆಯೆಲ್ಲ ಕಾಲು ಮೇಲಾಗುತ್ತದೆ, ಹೊಸದು ಮಾಡಲು ಸಮಯವಿಲ್ಲ. ಹೇಗಿದೆಯೋ ಹಾಗೆ ನಿಲ್ಲಿಸಿ ಎಂದು ದೊರೆ ಹೇಳಿದ, ಹಾಗೆಯೇ ನಿಲ್ಲಿಸಿದರು. ಹದಿನೈದು ದಿನಕ್ಕೆ ಕಾಡಿನಿಂದ ಎಂಟನೆಯ ದಿಮ್ಮಿ ಬಂತು. ಒಂದು ಬಿರುಕಿಲ್ಲ, ಒಂದು ಹುಳುವಿನ ತೂತಿಲ್ಲ, ನೇರಳೆ ಹಣ್ಣಿನ ಬಣ್ಣ. ಜ್ವರ ಮೈಯಲ್ಲಿಟ್ಟುಕೊಂಡು ಗಂಗಾಚಾರಿ ತನಗಾಗಿ ಆರಿಸಿದ ಮರ. ಮೋನಾಚಾರಿ ಅದನ್ನು ಮುಟ್ಟಲೊಲ್ಲೆ ಎಂದ. ದೊರೆ ಗದರಿದ, ಆಮೇಲೆ ಪುಸಲಾಯಿಸಿದ. ಅದು ನನ್ನ ತಮ್ಮನ ಕಂಬ, ಅದರಲ್ಲಿ ನನ್ನ ಉಳಿ ತಾಗುವುದಿಲ್ಲ ಎಂದು ಅದೊಂದೇ ಹಟ. ಬೇರೆ ಆಚಾರಿಗಳೂ ಅವನ ಮುಲಾಜಿಗೆ ಮುಂದೆ ಬರಲಿಲ್ಲ. ಕೊನೆಗೆ ದಿಮ್ಮಿಯನ್ನು ನುಣುಪು ಮಾಡಿ, ಬೋಳಾಗಿಯೇ ಎತ್ತಿ ನಿಲ್ಲಿಸಿದರು. ಬಂದ ದೊಡ್ಡ ದೊರೆಗಳು ಇದೇಕೆ ಹೀಗೆ ಎಂದರೆ, ದುಭಾಷಿ 'ತಮ್ಮನ ಕಂಬ' ಎಂದನಂತೆ. ಆ ಹೆಸರು ಊರಿನ ಬಾಯಿಗೆ ಬಿತ್ತು. ತಪ್ಪು ಮಾಡಿ ಕುಲದ ಕಸುಬು ಕಳೆದುಕೊಂಡ ತಮ್ಮನಿಗಾಗಿ ಅಣ್ಣ ಜಾಗ ಕಾದಿಟ್ಟಿದ್ದಾನೆ, ಇದ್ದರೆ ಇಂಥ ಅಣ್ಣನಿರಬೇಕು ಎಂದು ಹೆಂಗಸರು ಹಾಡು ಕಟ್ಟಿ ಹೇಳಿದರು. ಸಂತೆಗೆ ಬಂದವರು ದಾರಿ ಬಳಸಿ ಬಂದು ಕಂಬಕ್ಕೆ ಕೈಮುಗಿದು ಹೋಗುತ್ತಿದ್ದರು. ಜಗಳವಾಡುವ ಅಣ್ಣತಮ್ಮಂದಿರನ್ನು ಅಲ್ಲಿ ಕೂರಿಸಿ ಬುದ್ಧಿ ಹೇಳುವ ರೂಢಿಯೂ ಬಂತು. ಹೀಗೆ ಈ ಬಂಗಲೆಗೆ ಬಂದ ಹೆಸರು ಒಂದು ಸುಳ್ಳಿನ ಮೇಲೆ ನಿಂತ ಹೊಗಳಿಕೆ.

ಆ ಹೊಗಳಿಕೆಯನ್ನು ಮೋನಾಚಾರಿ ಹನ್ನೊಂದು ವರ್ಷ ಉಂಡ. ದಸರೆ ಕಳೆಯಲಿ, ಹೇಳುತ್ತೇನೆ ಎಂದ. ದಸರೆ ಕಳೆಯಿತು. ಮಗಳ ಮದುವೆಯಾಗಲಿ, ಈಗ ಹೇಳಿದರೆ ಗಂಡಿನವರು ಹಿಂದೆಗೆದಾರು ಎಂದ. ಮದುವೆಯಾಯಿತು. ಸಿದ್ದಾಚಾರಿ ಕಾಯಿಲೆ ಬಿದ್ದಿದ್ದಾನೆ, ಮುದುಕನಿಗೆ ಈ ಸುದ್ದಿ ಯಾಕೆ ಎಂದ. ಪುಟ್ಟತಾಯಮ್ಮ ಮೊದಮೊದಲು ಬೇಡಿಕೊಂಡಳು, ಆಮೇಲೆ ಜಗಳವಾಡಿದಳು, ಕೊನೆಗೆ ಸುಮ್ಮನಾದಳು. ಆ ತಾಯಿ ತನ್ನ ಸೊಸೆಗೆ ಹೇಳಿ, ಸೊಸೆ ನಮ್ಮಜ್ಜಿಯಾಗಿ ನನಗೆ ಹೇಳಿದ ಮಾತು ಇದು: ಗಂಡ ಒಂದು ದಿನ ಯಾವುದೋ ಊರಿನವರು ಹೊದಿಸಿದ ಶಾಲು ಹೊತ್ತು ಬಂದಾಗ ಅವಳು, "ಅದನ್ನ ಮನೆ ಒಳಗೆ ತರಬೇಡಿ. ಹಸುಗಳ ಕೊಟ್ಟಿಗೇಲಿ ನೇತುಹಾಕಿ" ಎಂದಳಂತೆ. ಅವನು ಕೊಟ್ಟಿಗೆಯಲ್ಲೇ ನೇತುಹಾಕಿದ. ಈ ನಡುವೆ ಗಂಗಾಚಾರಿ ಎಲ್ಲಿದ್ದಾನೆಂಬ ಸುದ್ದಿ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಗುಂಡ್ಲುಪೇಟೆಯ ಆಚೆ ಕಾಡಂಚಿನಲ್ಲಿ ಕೊಯ್ಲುಗುಂಡಿಯ ಕೂಲಿ ಮಾಡುತ್ತಿದ್ದ. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು, ಒಬ್ಬ ಮೇಲೆ ನಿಂತು ಒಬ್ಬ ಗುಂಡಿಯೊಳಗೆ ಇಳಿದು ದೊಡ್ಡ ಗರಗಸ ಎಳೆಯುವ ಕೆಲಸ. ಉಳಿ ಮುಟ್ಟಬಾರದವನು ಗರಗಸ ಮುಟ್ಟಬಹುದಷ್ಟೆ. ಕೆಳಗಿನವನ ಕಣ್ಣಿಗೆ ಮೂಗಿಗೆಲ್ಲ ಹೊಟ್ಟು ಸುರಿಯುತ್ತದೆ. ಹೊಸಬರನ್ನು ಕೆಳಗೇ ಇಳಿಸುತ್ತಾರೆ. ಗಂಗಾಚಾರಿ ಹೊಸಬನಾಗಿ ಇಳಿದವನು ಕೊನೆಯ ತನಕ ಕೆಳಗೇ ಇದ್ದ ಎನ್ನುತ್ತಾರೆ.

ಹನ್ನೆರಡನೆಯ ವರ್ಷ ಸಿದ್ದಾಚಾರಿ ತೀರಿಕೊಂಡ. ಕಾಳಮ್ಮನ ಪೂಜೆಯ ದಿನ ಆರೂರಿನವರು ಸೇರಿ ಯಜಮಾನಿಕೆಯನ್ನು ಮೋನಾಚಾರಿಗೆ ಕೊಡುವುದೆಂದು ತೀರ್ಮಾನಿಸಿದರು. ಯಜಮಾನನ ಕೆಲಸವೆಂದರೆ ಮುಖ್ಯವಾಗಿ ಗುರುತು ನೋಡುವುದು. ಯಜಮಾನಿಕೆಯ ರುಮಾಲು ಸುತ್ತಲು ಬಂದವರ ಕೈ ಹಿಡಿದು ಅವನು ಅಲ್ಲೇ ಕುಸಿದು ಕೂತ. "ಆ ಗುರುತು ನನ್ನ ಗಂಗಂದಲ್ಲ. ನಾನು ಹಾಕಿದ್ದು. ಈ ಕೈಯಲ್ಲಿ ಹಾಕಿದ್ದು" ಎಂದು ಎಡಗೈಯನ್ನು ನೆಲಕ್ಕೆ ಬಡಿದುಕೊಂಡ. ಜನ ಮೊದಲು ನಂಬಲಿಲ್ಲ, ತಮ್ಮನ ಮೇಲಿನ ಪ್ರೀತಿಗೆ ತಪ್ಪು ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡರು. ಹೊಗಳಿಕೆ ಅಷ್ಟು ಗಟ್ಟಿಯಾಗಿ ಅಂಟಿತ್ತು! ಪುಟ್ಟತಾಯಮ್ಮ ಹೆಂಗಸರ ನಡುವಿನಿಂದ ಎದ್ದು ಬಂದು, ನಾನು ಕಣ್ಣಾರೆ ಕಂಡಿದ್ದೇನೆ, ನನಗೂ ಶಿಕ್ಷೆ ಕೊಡಿ ಎಂದ ಮೇಲೆ ನಂಬಿದರು. ಮೋನಾಚಾರಿ ತನ್ನ ಉಳಿಗಳನ್ನು ತಾನೇ ತಂದು ಪೆಟ್ಟಿಗೆಯಲ್ಲಿಟ್ಟ. ಅದೇ ಪೆಟ್ಟಿಗೆಯಿಂದ ತಮ್ಮನ ಉಳಿಗಳ ಗಂಟನ್ನು ಹೊರಗೆ ತೆಗೆದರು. ಗಂಗಾಚಾರಿಯನ್ನು ಮರ್ಯಾದೆಯಿಂದ ಕರೆತರಲು ನಾಲ್ವರು ಹಿರಿಯರು ಗಾಡಿ ಕಟ್ಟಿಕೊಂಡು ಹೋದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ಇದಕ್ಕೇ.

ಗಂಗಾಚಾರಿ ಬಂದ. ಅಷ್ಟು ಹೊತ್ತಿಗೆ ದೊರೆ ಬದಲಾಗಿ ಬೇರೊಬ್ಬ ಬಂದಿದ್ದ. ಜಗಲಿಯ ಕೆತ್ತನೆ ಪೂರ್ತಿಯಾಗುವುದಾದರೆ ಆಗಲಿ ಎಂದು ಅವನೂ ಒಪ್ಪಿದ. ಬೋಳು ಕಂಬದ ಎದುರು ಚಾಪೆ ಹಾಸಿ, ತಾಂಬೂಲ ಇಟ್ಟು, ಎಣ್ಣೆ ಹಚ್ಚಿ ಮಸೆದ ಹನ್ನೆರಡು ಉಳಿಗಳನ್ನು ಸಾಲಾಗಿ ಜೋಡಿಸಿದ್ದರು. ಊರೇ ನೆರೆದಿತ್ತು. ಗಂಗಾಚಾರಿ ಮೊದಲು ಕಂಬವನ್ನು ಅಂಗೈಯಿಂದ ಸವರಿದ, ಸುತ್ತಲೂ ಒಂದು ಸಲ ತಿರುಗಿದ. ಆಮೇಲೆ ಎಲ್ಲಕ್ಕಿಂತ ಸಣ್ಣ ಉಳಿಗೆ ಕೈ ಹಾಕಿದ, ಹಕ್ಕಿಗಳ ಕಣ್ಣು ಕೊಕ್ಕು ಮಾಡುವ ಉಳಿ ಅದು. ಅವನ ಬೆರಳುಗಳು ಅದರ ಸುತ್ತ ಕೂಡಿಕೊಳ್ಳಲಿಲ್ಲ. ಹನ್ನೊಂದು ವರ್ಷ ಗರಗಸದ ಹಿಡಿಯನ್ನು ಕೆಳಗೆ ಜಗ್ಗಿ ಜಗ್ಗಿ ಬೆರಳುಗಳು ಆ ಹಿಡಿಯ ಅಳತೆಗೇ ಬಾಗಿ ನಿಂತಿದ್ದವು. ಬಿಗಿ ಹಿಡಿದರೆ ನಡುಕ, ಸಡಿಲ ಬಿಟ್ಟರೆ ಉಳಿ ಜಾರುತ್ತದೆ. ಬೇಡದ ಹಲಗೆಯೊಂದನ್ನು ತರಿಸಿ ಅದರ ಮೇಲೆ ಪ್ರಯತ್ನ ಮಾಡಿದ. ಕೊಡತಿಯ ಏಟು ಬಿದ್ದಾಗ ಉಳಿ ಪಕ್ಕಕ್ಕೆ ಹಾರಿ ಹಲಗೆಯಲ್ಲಿ ಒಂದು ಗೀರಾಯಿತು. ಮತ್ತೆ ಹಿಡಿದ, ಮತ್ತೆ ಗೀರಾಯಿತು. ಮೂರನೆಯ ಸಲಕ್ಕೆ ಉಳಿಯನ್ನು ಅದರ ಸಾಲಿನಲ್ಲೇ ನೆಟ್ಟಗೆ ಇಟ್ಟು, "ಒಳ್ಳೇ ಮರ, ಕೆಡಿಸೋದು ಬೇಡ" ಎಂದ. ಮಸೆದಿಟ್ಟ ಉಳಿಗಳ ಮುಂದೆ ಇಬ್ಬರೂ ಆಚಾರಿಗಳು ಬರಿಗೈಯಲ್ಲಿ ಕೂತಿದ್ದರು.

ಮೋನಾಚಾರಿ ತಮ್ಮನ ಕೈಗಳನ್ನು ಹಿಡಿದುಕೊಂಡು ಅತ್ತ. ಗಂಡಸು ಅಷ್ಟು ಜನರ ಎದುರು ಹಾಗೆ ಅತ್ತದ್ದನ್ನು ಊರು ಅದಕ್ಕೆ ಮೊದಲು ಕಂಡಿರಲಿಲ್ಲ ಎನ್ನುತ್ತಾರೆ. "ಅವತ್ತು ನಂದಲ್ಲ ಅಂತ ಯಾಕೆ ಹೇಳ್ಲಿಲ್ಲ ಗಂಗಾ? ಹೇಳಿದ್ದಿದ್ರೆ ಅಲ್ಲಿಗೆ ಮುಗೀತಿತ್ತಲ್ಲೋ" ಎಂದ.

"ನಾನು ಹೌದು ಅಂದ್ರೆ ನೀನು ಅಲ್ಲ ಅಂತೀಯ ಅಂದ್ಕೊಂಡೆ ಅಣ್ಣಯ್ಯ. ಗುಡಿಗೆ ಹೋಗೋವರ್ಗೂ ಕಾದೆ. ಪೆಟ್ಟಿಗೆ ಮುಚ್ಚೋವಾಗ ನಿನ್ನ ಮುಖಾನೇ ನೋಡ್ತಿದ್ದೆ. ಅಗಸೆ ದಾಟೋವಾಗ ಹೊನ್ನಿ, ಬೇಗ ನಡೀರಿ, ಬಿಸಿಲೇರ್ತದೆ ಅಂದ್ಲು. ಇರು, ಅಣ್ಣಯ್ಯ ಬರ್ಬೋದು ಅಂತ ಅಲ್ಲೇ ಕಲ್ಲಿನ ಮೇಲೆ ಕೂತೆ."

ಗಂಗಾಚಾರಿ ಊರಿನಲ್ಲಿ ಉಳಿಯಲಿಲ್ಲ. ಯಜಮಾನಿಕೆ ಕೊಡುತ್ತೇವೆ ಎಂದರೂ ಬೇಡವೆಂದ, ಕೈ ಬಾರದವನಿಗೆ ರುಮಾಲು ಯಾಕೆ ಎಂದ. ಉಳಿಗಳನ್ನು ಮಾತ್ರ ಮಡಿಲಲ್ಲಿ ಕಟ್ಟಿಕೊಂಡು ಅದೇ ಗಾಡಿಯಲ್ಲಿ ಹಿಂದಿರುಗಿದ. ಅಲ್ಲಿ ಅವನಿಗೆ ಇಬ್ಬರು ಗಂಡುಮಕ್ಕಳು ಹುಟ್ಟಿದ್ದರು. ಉಳಿ ಹಿಡಿಯಬೇಕಾದ ವಯಸ್ಸಿನಲ್ಲಿ ಅಪ್ಪ ಉಳಿ ಮುಟ್ಟುವಂತಿರಲಿಲ್ಲವಾದ್ದರಿಂದ ಅವರು ಗಾಡಿ ಹೊಡೆಯುವುದನ್ನು ಕಲಿತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಮಾನ ಬಂತು, ಆರೂರಿನ ಹಿರಿಯರು ಗಾಡಿ ಕಟ್ಟಿ ತಂದುಕೊಟ್ಟರು. ವಿದ್ಯೆ ಬರಲಿಲ್ಲ. ತಾಳಿದವನು ಬಾಳಿಯಾನು ಎಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆಸಿದವನು ನಾನು. ಪ್ರತಿ ಸಲ ಬರೆಸುವಾಗಲೂ ಗಂಗಾಚಾರಿ ನೆನಪಾಗುತ್ತಿದ್ದ. ಸತ್ಯ ತಿಳಿದ ಮೇಲೆ ಊರು ಆ ಹೆಸರನ್ನು ಬಿಡಬಹುದಿತ್ತು, ಬಿಡಲಿಲ್ಲ. ಕೈಮುಗಿಯುವುದು ನಿಂತಿತು, ಹೆಂಗಸರ ಹಾಡು ನಿಂತಿತು, ಹೆಸರು ಉಳಿಯಿತು.

ದೊರೆಗಳು ಹೋದರು. ಬಂಗಲೆ ಇಲಾಖೆಯ ಕಚೇರಿಯಾಯಿತು, ಆಮೇಲೆ ಗೋದಾಮಾಯಿತು, ಕೆಲವು ವರ್ಷ ಬಾವಲಿಗಳ ಮನೆಯೂ ಆಯಿತು. ಹದಿನೆಂಟು ವರ್ಷದ ಕೆಳಗೆ ಹೆಂಚು ಹೊದಿಸಿ, ಸುಣ್ಣ ಬಳಿದು ಈ ಸಂಗ್ರಹಾಲಯ ಮಾಡಿದರು. ಈಗ ಬಂದವರು ಏಳು ಕಂಬಗಳ ಹಂಸ, ಯಾಳಿಗಳನ್ನು ಫೋಟೋ ತೆಗೆದುಕೊಳ್ಳುತ್ತಾರೆ. ಏಳನೆಯದರಲ್ಲಿ ಬೋದಿಗೆಯ ಕೆಳಗೆ ಬಳ್ಳಿಯ ಕಪ್ಪು ಗಾಯ ವಾರ್ನಿಷಿನೊಳಗಿಂದಲೂ ಕಾಣುತ್ತದೆ, ತೋರಿಸಿದವರಿಗೆ ಮಾತ್ರ. ಬೋಳು ಕಂಬಕ್ಕೆ ಒರಗಿ ಜನ ಚಪ್ಪಲಿ ಬಿಚ್ಚುತ್ತಾರೆ, ಚೀಲ ಇಡುತ್ತಾರೆ. ನಾನು ಸಂಜೆಯ ಹೊತ್ತು ಅಲ್ಲಿ ಹೋಗಿ ಕೂರುವುದುಂಟು, ಕೇಳಿದವರಿಗೆ ಹೇಳುವುದುಂಟು.

ಹೋದ ಮಾಘದಲ್ಲಿ ಒಂದು ಯಾತ್ರೆಯ ಬಸ್ಸು ಬಂತು. ಎಲ್ಲರೂ ಒಳಗೆ ಹೋದ ಮೇಲೂ ಒಬ್ಬ ಹೆಂಗಸು, ನನ್ನ ವಯಸ್ಸಿನವಳೇ ಇರಬೇಕು, ಜಗಲಿಯಲ್ಲೇ ನಿಂತಿದ್ದಳು. ಒಂದೊಂದೇ ಕಂಬದ ಹತ್ತಿರ ಹೋಗುತ್ತಾಳೆ, ಸೆರಗಿನ ತುದಿಯಿಂದ ಕೆತ್ತನೆಯ ದೂಳು ಒರೆಸುತ್ತಾಳೆ, ಕಣ್ಣು ಹತ್ತಿರ ಮಾಡಿ ನೋಡುತ್ತಾಳೆ. ಏನು ಹುಡುಕುತ್ತಿದ್ದೀರಿ ತಾಯಿ ಎಂದು ಕೇಳಿದೆ. ಗುಂಡ್ಲುಪೇಟೆಯ ಕಡೆಯವಳು, ಹೆಸರು ನೀಲಮ್ಮ. ಅಪ್ಪ ಹಿಟ್ಟಿನ ಗಿರಣಿಯಲ್ಲಿದ್ದರಂತೆ, ತಾತ ಗಾಡಿ ಹೊಡೆಯುತ್ತಿದ್ದರಂತೆ. "ನಮ್ಮ ಮುತ್ತಾತ ಈ ಊರಿನೋರು ಸ್ವಾಮಿ, ಗಂಗಾಚಾರಿ ಅಂತ. ಇಲ್ಲಿ ಅವರ ಹೆಸರಲ್ಲೇ ಒಂದು ಕಂಬ ಅದೆ, ಬಂಗಲೇನೇ ಆ ಹೆಸರಲ್ಲಿ ಕರೀತಾರೆ, ಸಾಯೋದ್ರೊಳಗೆ ನೋಡು ಅಂತ ನಮ್ಮಪ್ಪ ಹೇಳ್ತಿದ್ರು. ಅವರು ಹಕ್ಕಿ ಕೆತ್ತಿದ್ರೆ ಹಾರೋ ಹಂಗೆ ಇರ್ತಿತ್ತಂತೆ. ಯಾವ ಕಂಬದಾಗೂ ಅಂಥ ಹಕ್ಕಿ ಕಾಣ್ತಿಲ್ಲ. ನಮ್ಮ ಮುತ್ತಾತಂದು ಯಾವುದು?"

ಎದ್ದು ಹೋಗಿ ತಲೆಬಾಗಿಲ ಬಲಗಡೆ ತೋರಿಸಿದೆ. ಯಾರೋ ಒರಗಿಸಿಟ್ಟಿದ್ದ ಚೀಲವನ್ನು ಸರಿಸಿ, ಆಕೆ ಎರಡು ಕೈಯಿಂದಲೂ ಆ ಕಂಬವನ್ನು ಮೇಲಿನಿಂದ ಕೆಳಗೆ ಸವರಿದಳು. ಹಿಂದಕ್ಕೆ ಹೋಗಿ ಆ ಮಗ್ಗುಲನ್ನೂ ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದರಾಗೆ ಏನೂ ಇಲ್ಲವಲ್ಲ ಸ್ವಾಮಿ."

"ಇಲ್ಲ ಕಣಮ್ಮ" ಎಂದೆ. "ನಾವು ಮಾಡಗೊಡಲಿಲ್ಲ."